ಭಯೋತ್ಪಾದನೆಯ ಸಂಶೋಧಕರಾಗುವುದು ಹೇಗೆ?

ಸ್ಫೋಟವೊಂದು ನಡೆದ ಸಂಜೆ ಟಿ.ವಿ. ಚರ್ಚೆಗೆ ಬರುವ ಭದ್ರತಾ ತಜ್ಞರನ್ನು ನೋಡಿ ಈ ಕ್ಷೇತ್ರದತ್ತ ಆಸೆಪಟ್ಟ ವಿದ್ಯಾರ್ಥಿಗಳು ಬೇಕಾದಷ್ಟಿದ್ದಾರೆ. ಭಯೋತ್ಪಾದನೆಯ ಸಂಶೋಧಕರ ಕೆಲಸ ನಿಜವಾಗಿ ಶುರುವಾಗುವುದು ಆ ಚರ್ಚೆ ತಣ್ಣಗಾದ ಮೇಲೆ. ಆರೋಪಪಟ್ಟಿ ಸಲ್ಲಿಕೆಯಾಗುವವರೆಗೆ ಕಾಯಬೇಕು, ನೂರಾರು ಪುಟಗಳ ತೀರ್ಪನ್ನು ಸಾಲು ಬಿಡದೆ ಓದಬೇಕು, ಹತ್ತಾರು ವರ್ಷಗಳ ಘಟನೆಗಳನ್ನು ಒಂದು ಕೋಷ್ಟಕಕ್ಕೆ ಇಳಿಸಬೇಕು. ಒಂದು ಸಂಘಟನೆ ಏಕೆ ಹುಟ್ಟಿತು, ಯಾರು ಅದನ್ನು ಸೇರಿದರು, ಯಾರು ಏಕೆ ಬಿಟ್ಟು ಬಂದರು ಎಂಬುದಕ್ಕೆ ಪುರಾವೆಯುಳ್ಳ ಉತ್ತರ ಹುಡುಕಬೇಕು.

ಇದಕ್ಕೆಲ್ಲ ಗುಟ್ಟಿನ ಮಾಹಿತಿ ಬೇಕು, ಗುಪ್ತಚರ ಇಲಾಖೆಯಲ್ಲಿ ಪರಿಚಯಸ್ಥರಿರಬೇಕು ಎಂದು ಹಲವರು ಭಾವಿಸಿದ್ದಾರೆ. ಅದು ಸರಿಯಲ್ಲ. 2014ರ ಏಪ್ರಿಲ್‌ನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಸೇರಿದ ಸಂಶೋಧನಾ ಕೇಂದ್ರವೊಂದು, ಸಿರಿಯಾಕ್ಕೆ ಹೋಗಿದ್ದ ಪಾಶ್ಚಾತ್ಯ ಹೋರಾಟಗಾರರು ಸಾಮಾಜಿಕ ಜಾಲತಾಣಗಳಲ್ಲಿ ಯಾರನ್ನು ಅನುಸರಿಸುತ್ತಿದ್ದಾರೆ ಎಂದು ಲೆಕ್ಕ ಹಾಕಿತು. ಹೆಚ್ಚು ಪ್ರಭಾವ ಬೀರುತ್ತಿದ್ದ ಖಾತೆಗಳ ಸಾಲಿನಲ್ಲಿ, ಐಸಿಸ್ ಪರ ಪ್ರಚಾರ ಮಾಡುತ್ತಿದ್ದ ‘ಶಾಮಿ ವಿಟ್ನೆಸ್’ ಎಂಬ ಟ್ವಿಟರ್ ಖಾತೆ ಕಾಣಿಸಿತು. ಅದೇ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಸುದ್ದಿವಾಹಿನಿಯೊಂದು ಆ ಖಾತೆ ಬೆಂಗಳೂರಿನಿಂದ ನಡೆಯುತ್ತಿದೆ ಎಂದು ಬಯಲು ಮಾಡಿತು. ಎರಡೇ ದಿನಗಳಲ್ಲಿ ನಗರದ ಪೊಲೀಸರು ಅದನ್ನು ನಡೆಸುತ್ತಿದ್ದ ಯುವಕನನ್ನು ಬಂಧಿಸಿದರು. ಏಪ್ರಿಲ್‌ನ ಆ ಅಧ್ಯಯನ ಬಳಸಿಕೊಂಡದ್ದು ಎಲ್ಲರ ಕಣ್ಣಿಗೂ ಬೀಳುವ ಮಾಹಿತಿಯನ್ನು. ಎಲ್ಲರ ಕೈಗೂ ಸಿಗುವ ಕಾಗದವನ್ನು ಇತರರಿಗಿಂತ ಹೆಚ್ಚು ಎಚ್ಚರದಿಂದ ಓದುವುದೇ ಈ ವೃತ್ತಿಯ ಬಂಡವಾಳ ಎಂದು ನಾನು ನಂಬಿದ್ದೇನೆ. ಕೆಳಗಿನ ಹಂತಗಳನ್ನು ಆ ನಂಬಿಕೆಯಿಂದಲೇ ಬರೆದಿದ್ದೇನೆ.

ಹಂತ 1: ವ್ಯಾಖ್ಯೆಯನ್ನು ಮೊದಲು ತೀರ್ಮಾನಿಸಿಕೊಳ್ಳಿ

ಭಯೋತ್ಪಾದನೆ ಎಂದರೇನು ಎಂಬ ಬಗ್ಗೆ ಒಮ್ಮತವಿಲ್ಲ. ಅಲೆಕ್ಸ್ ಶ್ಮಿಡ್ ಎಂಬ ವಿದ್ವಾಂಸರು 1980ರ ದಶಕದಲ್ಲೇ 109 ವ್ಯಾಖ್ಯೆಗಳನ್ನು ಕಲೆಹಾಕಿ ಹೋಲಿಸಿದ್ದರು. ವಿಶ್ವಸಂಸ್ಥೆಯಲ್ಲಿ ಒಂದು ಸಮಗ್ರ ಒಪ್ಪಂದವಾಗಬೇಕೆಂದು ಭಾರತ 1996ರಲ್ಲಿ ಕರಡು ಮಂಡಿಸಿತು. ವ್ಯಾಖ್ಯೆಯ ಜಗಳದಲ್ಲಿ ಅದು ಇಂದಿಗೂ ಸಿಕ್ಕಿಕೊಂಡಿದೆ.

ಈ ತೊಡಕು ಎಷ್ಟು ಆಳವಾದದ್ದು ಎಂದು ತಿಳಿಯಲು ರಾಜೀವ್ ಗಾಂಧಿ ಹತ್ಯೆಯ ಪ್ರಕರಣವನ್ನು ಓದಿ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಆತ್ಮಾಹುತಿ ದಾಳಿ ನಡೆಯಿತು. ಸಂಚಿನ ಪ್ರಮುಖರು ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಪೊಲೀಸರು ಸುತ್ತುವರಿದಾಗ ಸತ್ತರು. 1998ರಲ್ಲಿ ವಿಶೇಷ ನ್ಯಾಯಾಲಯ ವಿಚಾರಣೆ ಎದುರಿಸಿದ 26 ಮಂದಿಗೂ ಮರಣದಂಡನೆ ವಿಧಿಸಿತು. ಮರುವರ್ಷ ಮೇ 11ರಂದು ಸುಪ್ರೀಂ ಕೋರ್ಟ್ 19 ಮಂದಿಯನ್ನು ಬಿಡುಗಡೆ ಮಾಡಿತು, ಕೊಲೆಯ ಸಂಚಿನಲ್ಲಿ ಉಳಿದ ಏಳು ಮಂದಿಯನ್ನಷ್ಟೇ ಅಪರಾಧಿಗಳೆಂದು ಎತ್ತಿಹಿಡಿದು, ಅವರಲ್ಲಿ ಮೂವರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಭಯೋತ್ಪಾದನೆ ತಡೆಗೆ ಆಗ ಇದ್ದ ಟಾಡಾ ಕಾಯ್ದೆಯಡಿ ಅದು ಭಯೋತ್ಪಾದನಾ ಕೃತ್ಯ ಎಂಬುದನ್ನು ನ್ಯಾಯಾಲಯ ಒಪ್ಪಲಿಲ್ಲ. ಸಂಚುಕೋರರ ಉದ್ದೇಶ ಒಬ್ಬ ವ್ಯಕ್ತಿಯನ್ನು ಕೊಲ್ಲುವುದಾಗಿತ್ತು, ಸರ್ಕಾರವನ್ನು ಬೆದರಿಸುವುದಾಗಲೀ ಜನರಲ್ಲಿ ಭೀತಿ ಹುಟ್ಟಿಸುವುದಾಗಲೀ ಆಗಿತ್ತೆಂದು ಸಾಬೀತಾಗಿಲ್ಲ ಎಂಬುದು ಅದರ ವಾದದ ಸಾರ.

ಅಷ್ಟು ದೊಡ್ಡ ಘಟನೆಗೇ ಹೀಗಾದರೆ ಸಣ್ಣಪುಟ್ಟ ಘಟನೆಗಳ ಗತಿ ಊಹಿಸಿಕೊಳ್ಳಿ. ಆದ್ದರಿಂದ ಯಾವ ಬರಹವಾದರೂ ಆರಂಭದಲ್ಲೇ ನೀವು ಯಾವ ವ್ಯಾಖ್ಯೆಯನ್ನು ಬಳಸುತ್ತಿದ್ದೀರಿ ಎಂದು ಹೇಳಿ, ಕೊನೆಯ ಸಾಲಿನವರೆಗೂ ಅದನ್ನೇ ಪಾಲಿಸಿ. ನಿಮಗೆ ಇಷ್ಟವಿಲ್ಲದ ಗುಂಪು ಮಾಡಿದರೆ ಭಯೋತ್ಪಾದನೆ, ಹತ್ತಿರದ ಗುಂಪು ಮಾಡಿದರೆ ಆಕ್ರೋಶ ಎಂದು ಬರೆಯುವವರಿಗೆ ಈ ಕ್ಷೇತ್ರದಲ್ಲಿ ಜಾಗವಿರಬಾರದು.

ಹಂತ 2: ಚಿಕ್ಕ ಪ್ರಶ್ನೆಯೊಂದನ್ನು ಹಿಡಿಯಿರಿ

‘ಜಾಗತಿಕ ಭಯೋತ್ಪಾದನೆ’ ಎಂಬುದು ಅಧ್ಯಯನದ ವಿಷಯವಾಗುವಷ್ಟು ಕಿರಿದಾಗಿಲ್ಲ. ಒಂದು ಪ್ರದೇಶ, ಒಂದು ಸಂಘಟನೆ ಅಥವಾ ಒಂದು ಪ್ರಕ್ರಿಯೆಯನ್ನು ಆರಿಸಿಕೊಂಡು ಎರಡು ಮೂರು ವರ್ಷ ಅದರ ಜೊತೆಗಿರಿ. ಹಣ ಹೇಗೆ ಸಾಗುತ್ತದೆ, ಜೈಲಿನೊಳಗೆ ಸಂಘಟನೆಗೆ ಸೇರಿಸಿಕೊಳ್ಳುವುದು ಹೇಗೆ ನಡೆಯುತ್ತದೆ, ಶರಣಾದವರ ಬದುಕು ಮುಂದೇನಾಗುತ್ತದೆ ಎಂಬ ಬಗೆಯ ಪ್ರಶ್ನೆಗಳು ಒಳ್ಳೆಯವು.

ಕನ್ನಡ ಬಲ್ಲವರಿಗೆ ಮಲೆನಾಡಿನ ನಕ್ಸಲ್ ಚಳವಳಿಯೇ ಕಣ್ಣೆದುರಿಗಿದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುವ ಭೀತಿ, 2003ರಲ್ಲಿ ಕಾರ್ಕಳ ಬಳಿಯ ಈದುವಿನಲ್ಲಿ ನಡೆದ ಎನ್‌ಕೌಂಟರ್, 2005ರ ಫೆಬ್ರುವರಿಯಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸರ ಮೇಲೆ ನಡೆದ ದಾಳಿ, 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಆರು ಮಂದಿಯ ಶರಣಾಗತಿ. ಎರಡು ದಶಕಗಳ ಒಂದು ಸಶಸ್ತ್ರ ಚಳವಳಿ ಹೇಗೆ ಹುಟ್ಟಿ ಹೇಗೆ ಕರಗಿತು ಎಂಬುದನ್ನು ಆರಂಭದಿಂದ ಅಂತ್ಯದವರೆಗೆ ನೋಡುವ ಅವಕಾಶ ಸಂಶೋಧಕರಿಗೆ ಸುಲಭವಾಗಿ ಸಿಗುವುದಿಲ್ಲ. ಕರ್ನಾಟಕದ ಠಾಣೆಗಳ ಎಫ್‌ಐಆರ್, ಮಹಜರು, ಸಾಕ್ಷಿಗಳ ಹೇಳಿಕೆಗಳು ಹೆಚ್ಚಾಗಿ ಕನ್ನಡದಲ್ಲೇ ಇರುತ್ತವೆ. ಚಿಕ್ಕಮಗಳೂರು, ಶಿವಮೊಗ್ಗ, ಉಡುಪಿಯ ಪತ್ರಿಕೆಗಳಲ್ಲಿ ಬಂದ ಸ್ಥಳೀಯ ವರದಿಗಳು ದೆಹಲಿಯ ಇಂಗ್ಲಿಷ್ ಓದುಗರನ್ನು ತಲುಪುವುದೇ ಇಲ್ಲ. ಅಲ್ಲಿ ನಿಮಗೆ ಪೈಪೋಟಿ ಕಡಿಮೆ, ಜವಾಬ್ದಾರಿ ಹೆಚ್ಚು.

ಇದರ ಜೊತೆಗೆ ಇನ್ನೊಂದು ಭಾಷೆ ಕಲಿಯಿರಿ. ಕಾಶ್ಮೀರ, ಪಾಕಿಸ್ತಾನದ ವಿಷಯವಾದರೆ ಉರ್ದು, ಶ್ರೀಲಂಕಾದ್ದಾದರೆ ತಮಿಳು, ಬಸ್ತರ್ ಆದರೆ ಹಿಂದಿಯ ಜೊತೆ ತೆಲುಗು ಅಥವಾ ಗೊಂಡಿ. ಅನುವಾದವನ್ನೇ ನೆಚ್ಚಿಕೊಂಡವರು ಅನುವಾದಕರು ಆರಿಸಿಕೊಟ್ಟದ್ದನ್ನು ಮಾತ್ರ ನೋಡುತ್ತಾರೆ.

ಹಂತ 3: ಓದಿಗೆ ದಾರಿ

ಪದವಿ ಇಂಥದ್ದೇ ಆಗಬೇಕೆಂದಿಲ್ಲ. ರಾಜ್ಯಶಾಸ್ತ್ರ, ಇತಿಹಾಸ, ಕಾನೂನು, ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ ಎಲ್ಲವೂ ನಡೆಯುತ್ತವೆ. ಸ್ನಾತಕೋತ್ತರದಲ್ಲಿ ವಿಷಯಕ್ಕೆ ಹತ್ತಿರ ಬಂದರೆ ಸಾಕು. ಮಣಿಪಾಲದ ಮಾಹೆ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗವಿದೆ. ಗಾಂಧಿನಗರದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯವಿದೆ, ಜೆಎನ್‌ಯುನಲ್ಲಿ ರಾಷ್ಟ್ರೀಯ ಭದ್ರತಾ ಅಧ್ಯಯನ ಕೇಂದ್ರವಿದೆ. ಹೊರದೇಶದಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್, ಸಿಂಗಪುರದ ಎಸ್. ರಾಜರತ್ನಂ ಅಂತರರಾಷ್ಟ್ರೀಯ ಅಧ್ಯಯನ ಶಾಲೆ, ನೆದರ್ಲೆಂಡಿನ ಲೈಡನ್ ವಿಶ್ವವಿದ್ಯಾಲಯ ಈ ವಿಷಯದಲ್ಲಿ ಹೆಸರು ಮಾಡಿವೆ. ಸಾಲ ಮಾಡಿ ವಿದೇಶಕ್ಕೆ ಹೋಗುವ ಮೊದಲು ಒಂದು ವರ್ಷ ಇಲ್ಲಿಯೇ ಓದಿ, ಬರೆದು, ವಿಷಯ ನಿಜವಾಗಿ ಹಿಡಿಸುತ್ತದೆಯೇ ಎಂದು ನೋಡಿಕೊಳ್ಳಿ ಎಂಬುದು ನನ್ನ ಒತ್ತಾಯದ ಸಲಹೆ. ಜೊತೆಗೆ ಸಂಖ್ಯಾಶಾಸ್ತ್ರದ ಪ್ರಾಥಮಿಕ ತಿಳಿವಳಿಕೆ ಮತ್ತು ಅಪರಾಧ ಕಾನೂನಿನ ಪರಿಚಯ ಇರಲೇಬೇಕು.

ಹಂತ 4: ಮೂಲ ದಾಖಲೆಗೆ ಹೋಗಿ

ಇಡೀ ಲೇಖನದಲ್ಲಿ ಒಂದೇ ಸಲಹೆಯನ್ನು ಪಾಲಿಸುತ್ತೀರಾದರೆ ಇದನ್ನು ಪಾಲಿಸಿ. 2008ರ ಮುಂಬೈ ದಾಳಿಯ ಬಗ್ಗೆ ಬಂದ ಲೇಖನಗಳನ್ನು ಓದುವ ಮೊದಲು 2012ರ ಆಗಸ್ಟ್ 29ರ ಸುಪ್ರೀಂ ಕೋರ್ಟ್ ತೀರ್ಪನ್ನು ಓದಿ. ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ದಾಳಿಕೋರರು ಅಪಹರಿಸಿದ್ದ ಕುಬೇರ್ ಎಂಬ ಮೀನುಗಾರಿಕಾ ದೋಣಿಯಲ್ಲಿ ಸಿಕ್ಕ ಉಪಗ್ರಹ ದೂರವಾಣಿ, ಜಿಪಿಎಸ್ ಉಪಕರಣ, ದಾಳಿಕೋರರಿಗೂ ಗಡಿಯಾಚೆ ಕುಳಿತು ನಿರ್ದೇಶಿಸುತ್ತಿದ್ದವರಿಗೂ ನಡೆದ ಮಾತುಕತೆಯ ಲಿಖಿತ ರೂಪ, ಎಲ್ಲವೂ ಅದರಲ್ಲಿವೆ. ಟಿ.ವಿ. ವಾಹಿನಿಗಳ ನೇರ ಪ್ರಸಾರ ಭದ್ರತಾ ಸಿಬ್ಬಂದಿಯ ಜೀವಕ್ಕೆ ಹೇಗೆ ಅಪಾಯ ತಂದಿತು ಎಂಬ ಕಟು ಮಾತುಗಳೂ ಇವೆ. ಸ್ಥಳೀಯ ನೆರವು ನೀಡಿದ ಆರೋಪ ಹೊತ್ತ ಇಬ್ಬರು ಭಾರತೀಯರನ್ನು ಕೆಳ ನ್ಯಾಯಾಲಯ, ಹೈಕೋರ್ಟ್, ಸುಪ್ರೀಂ ಕೋರ್ಟ್ ಮೂರೂ ಖುಲಾಸೆಗೊಳಿಸಿದವು. ಇದನ್ನು ಅರಿಯದೆ ‘ಸ್ಥಳೀಯ ಜಾಲ’ದ ಬಗ್ಗೆ ಬರೆದ ಪುಟಗಳಿಗೆ ಲೆಕ್ಕವಿಲ್ಲ.

ಆ ಬಳಿಕ ಅಮೆರಿಕದ ನ್ಯಾಯಾಲಯದಲ್ಲಿ 2010ರಲ್ಲಿ ಡೇವಿಡ್ ಹೆಡ್ಲಿ ಮಾಡಿಕೊಂಡ ತಪ್ಪೊಪ್ಪಿಗೆಯ ಒಪ್ಪಂದ ಓದಿ. ದಾಳಿಗೆ ಮುನ್ನ ಮುಂಬೈಯ ಜಾಗಗಳನ್ನು ಚಿತ್ರೀಕರಿಸಲು ಆತ ಕೈಗೊಂಡ ಐದು ಪ್ರವಾಸಗಳ ವಿವರ ಅಲ್ಲಿದೆ. ಎರಡು ದೇಶಗಳ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲಿ ಹೊಂದುತ್ತವೆ, ಎಲ್ಲಿ ಬಿರುಕಿದೆ ಎಂದು ಗುರುತಿಸುವುದೇ ನಿಮ್ಮ ಮೊದಲ ವ್ಯಾಯಾಮವಾಗಲಿ.

ಗೃಹ ಸಚಿವಾಲಯದ ವಾರ್ಷಿಕ ವರದಿ, ಸಂಸತ್ತಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಸಚಿವರು ನೀಡಿದ ಲಿಖಿತ ಉತ್ತರ, ಅಕ್ರಮ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ಅನುಸೂಚಿಗಳಲ್ಲಿರುವ ನಿಷೇಧಿತ ಸಂಘಟನೆಗಳ ಪಟ್ಟಿ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಸಲ್ಲಿಕೆಯಾಗುವ ನಿಗಾ ತಂಡದ ವರದಿಗಳನ್ನು ನಿಯಮಿತವಾಗಿ ನೋಡಿ. ಮಾಹಿತಿ ಹಕ್ಕಿನಿಂದ ಹೆಚ್ಚು ನಿರೀಕ್ಷಿಸಬೇಡಿ. ಆ ಕಾಯ್ದೆಯ 24ನೇ ಸೆಕ್ಷನ್ ಗುಪ್ತಚರ ದಳವನ್ನೂ ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎಯನ್ನೂ ಬಹುಮಟ್ಟಿಗೆ ಹೊರಗಿಟ್ಟಿದೆ.

ಇಲ್ಲಿ ಒಂದು ಗಂಭೀರ ಎಚ್ಚರಿಕೆ. ಆರೋಪಪಟ್ಟಿ ಎಂದರೆ ತನಿಖಾಧಿಕಾರಿಗಳ ವಾದ, ತೀರ್ಪಲ್ಲ. 2006ರ ಜುಲೈ 11ರ ಮುಂಬೈ ರೈಲು ಸ್ಫೋಟ ಪ್ರಕರಣದಲ್ಲಿ 2015ರಲ್ಲಿ 12 ಮಂದಿಗೆ ಶಿಕ್ಷೆಯಾಯಿತು, ಐವರಿಗೆ ಮರಣದಂಡನೆ. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಎಲ್ಲ 12 ಮಂದಿಯನ್ನೂ ಖುಲಾಸೆ ಮಾಡಿತು. ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸದಂತೆ ತಡೆಯಿತು. ಹದಿನೆಂಟು ವರ್ಷಗಳಿಗೂ ಹೆಚ್ಚು ಕಾಲ ಈ ಪ್ರಕರಣದ ‘ಸತ್ಯಾಂಶ’ಗಳನ್ನು ಉದ್ಧರಿಸುತ್ತ ಬಂದ ಸಂಶೋಧನೆಗಳೆಲ್ಲ ಈಗ ತಮ್ಮ ಅಡಿಟಿಪ್ಪಣಿಗಳನ್ನು ಮತ್ತೆ ನೋಡಬೇಕಾಗಿದೆ. ಜೈಲಿನಲ್ಲಿ ಕಳೆದವರ ವರ್ಷಗಳೂ ಸತ್ಯ, ಆ ರೈಲುಗಳಲ್ಲಿ ಸತ್ತವರ ಕುಟುಂಬಗಳಿಗೆ ಉತ್ತರ ಸಿಗದಿರುವುದೂ ಸತ್ಯ. ‘ಬಂಧಿತ’, ‘ಆರೋಪಿ’, ‘ಶಿಕ್ಷೆಗೊಳಗಾದವರು’, ‘ಖುಲಾಸೆಯಾದವರು’ ಎಂಬ ಮಾತುಗಳನ್ನು ಎಂದೂ ಬೆರೆಸಬೇಡಿ. ನಿಮ್ಮ ಟಿಪ್ಪಣಿಯಲ್ಲಿ ಪ್ರತಿ ಹೆಸರಿನ ಮುಂದೆ ಪ್ರಕರಣದ ಸ್ಥಿತಿಯನ್ನೂ ಅದನ್ನು ನೋಡಿದ ದಿನಾಂಕವನ್ನೂ ಬರೆದಿಡಿ.

ಹಂತ 5: ಸ್ವಂತ ಕೋಷ್ಟಕ ಕಟ್ಟಿ

ಒಂದು ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ದಿನಾಂಕ, ಊರು, ಜಿಲ್ಲೆ, ಗುರಿ, ಬಳಸಿದ ವಿಧಾನ, ಹೊಣೆ ಹೊತ್ತವರು, ಹೊಣೆ ಹೊರಿಸಲ್ಪಟ್ಟವರು, ಸಾವು, ಗಾಯ, ಮೂಲ, ಇಷ್ಟು ಕಾಲಂಗಳಿರಲಿ. ಹೊಣೆ ಹೊತ್ತವರಿಗೂ ಹೊರಿಸಲ್ಪಟ್ಟವರಿಗೂ ಪ್ರತ್ಯೇಕ ಕಾಲಂ ಕಡ್ಡಾಯ. ಸಾವಿನ ಸಂಖ್ಯೆಯಲ್ಲಿ ಮೂಲಗಳು ಭಿನ್ನವಾಗಿದ್ದರೆ ಕನಿಷ್ಠ, ಗರಿಷ್ಠ ಎರಡನ್ನೂ ಬರೆಯಿರಿ.

ಇಂಥ ಸರಳ ಪಟ್ಟಿಯೇ ಎಷ್ಟು ಹೇಳಬಲ್ಲದು ಎಂಬುದಕ್ಕೆ ಸಿಂಜಾರ್ ದಾಖಲೆಗಳು ಸಾಕ್ಷಿ. 2007ರಲ್ಲಿ ಇರಾಕ್‌ನ ಸಿಂಜಾರ್ ಬಳಿ ಅಮೆರಿಕದ ಪಡೆಗಳಿಗೆ ಅಲ್‌ಖೈದಾ ಬೆಂಬಲಿಗರ ಬಳಿ ವಿದೇಶಿ ಹೋರಾಟಗಾರರ ನೋಂದಣಿ ಕಾಗದಗಳು ಸಿಕ್ಕವು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಸಂಶೋಧಕರು ಅವನ್ನು ಎಣಿಸಿದರು. ದೇಶ ನಮೂದಾಗಿದ್ದ 595 ಕಾಗದಗಳಲ್ಲಿ ಶೇ 41ರಷ್ಟು ಸೌದಿ ಅರೇಬಿಯಾದವರವು, ಶೇ 18.8ರಷ್ಟು ಲಿಬಿಯಾದವರವು. ಜನಸಂಖ್ಯೆಗೆ ಹೋಲಿಸಿದಾಗ ಲಿಬಿಯಾವೇ ಮುಂದಿತ್ತು, ಅದರಲ್ಲೂ ದರ್ನಾ ಎಂಬ ಸಣ್ಣ ಪಟ್ಟಣದಿಂದ ಬಂದವರು ಅಪಾರ. ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿದ್ದರೆ ಆ ಪಟ್ಟಣ ಕಣ್ಣಿಗೇ ಬೀಳುತ್ತಿರಲಿಲ್ಲ.

ಸಿದ್ಧ ದತ್ತಾಂಶಗಳನ್ನೂ ಬಳಸಿ. ದಕ್ಷಿಣ ಏಷ್ಯಾದ ಮಟ್ಟಿಗೆ, ಕೆ.ಪಿ.ಎಸ್. ಗಿಲ್ ಸ್ಥಾಪಿಸಿದ ದೆಹಲಿಯ ಸಂಘರ್ಷ ನಿರ್ವಹಣಾ ಸಂಸ್ಥೆ ನಡೆಸುವ ದಕ್ಷಿಣ ಏಷ್ಯಾ ಭಯೋತ್ಪಾದನಾ ಪೋರ್ಟಲ್ ದಿನದಿನದ ಘಟನೆಗಳನ್ನು ದಾಖಲಿಸುತ್ತದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾಗತಿಕ ಭಯೋತ್ಪಾದನಾ ದತ್ತಸಂಚಯದಲ್ಲಿ 1970ರಿಂದೀಚೆಗಿನ 2 ಲಕ್ಷಕ್ಕೂ ಹೆಚ್ಚು ಘಟನೆಗಳಿವೆ. ಆದರೆ ಅದರ ಸೂಚನಾ ಪುಸ್ತಕ ಓದದೆ ನಕ್ಷೆ ಬರೆಯಲು ಹೊರಟರೆ ಕಷ್ಟ. 1993ರ ದತ್ತಾಂಶ ಅದರಲ್ಲಿ ಇಲ್ಲ. ಹಿಂದೆ ಮಾಹಿತಿ ಸಂಗ್ರಹಿಸುತ್ತಿದ್ದ ಖಾಸಗಿ ಸಂಸ್ಥೆ ಕಚೇರಿ ಬದಲಿಸುವಾಗ ಆ ವರ್ಷದ ಕಾಗದಗಳೇ ಕಳೆದುಹೋದವು. ಮುಂಬೈ ಸರಣಿ ಸ್ಫೋಟ ನಡೆದ ವರ್ಷವೇ ಅದು ಎಂಬುದನ್ನು ನೆನಪಿಡಿ. 2012ರ ಸುಮಾರಿಗೆ ಸಂಗ್ರಹದ ವಿಧಾನ ಬದಲಾದ್ದರಿಂದ ಆಗ ಕಾಣುವ ಏರಿಕೆಯಲ್ಲಿ ಎಷ್ಟು ಭಾಗ ನಿಜವಾದ ಹಿಂಸೆ, ಎಷ್ಟು ಭಾಗ ಸುಧಾರಿಸಿದ ಎಣಿಕೆ ಎಂದು ಬೇರ್ಪಡಿಸುವುದೂ ಸುಲಭವಲ್ಲ.

ಹಂತ 6: ತೀರ್ಮಾನ ಬರೆಯುವ ಶಿಸ್ತು

2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ನಾಲ್ಕು ರೈಲುಗಳಲ್ಲಿ ಬಾಂಬುಗಳು ಸಿಡಿದು 190ಕ್ಕೂ ಹೆಚ್ಚು ಮಂದಿ ಸತ್ತರು. ಸ್ಪೇನಿನ ಸರ್ಕಾರ ಬಾಸ್ಕ್ ಪ್ರತ್ಯೇಕತಾವಾದಿ ಸಂಘಟನೆ ಇಟಿಎ ಮೇಲೆ ಬೊಟ್ಟು ಮಾಡಿತು. ನಡೆಸಿದ್ದು ಅಲ್‌ಖೈದಾದಿಂದ ಪ್ರೇರಿತವಾದ ಗುಂಪು. 2011ರ ಜುಲೈ 22ರಂದು ಓಸ್ಲೋದಲ್ಲಿ ಸ್ಫೋಟವಾದಾಗ ಹಲವು ವಿಶ್ಲೇಷಕರು ಜಿಹಾದಿಗಳ ಹೆಸರು ಹೇಳಿದರು. ಆ ಸ್ಫೋಟವೂ ಸೇರಿ ಅಂದು 77 ಮಂದಿಯನ್ನು ಕೊಂದವನು ನಾರ್ವೆಯದೇ ಬಲಪಂಥೀಯ ಉಗ್ರ.

ಈ ಆತುರಕ್ಕೆ ಮದ್ದಾಗಿ ಸಿಐಎಯ ರಿಚರ್ಡ್ಸ್ ಹ್ಯೂಯರ್ ಒಂದು ವಿಧಾನ ರೂಪಿಸಿದರು. ಸಾಧ್ಯವಿರುವ ಊಹೆಗಳನ್ನೆಲ್ಲ ಕಾಗದದ ಮೇಲ್ಭಾಗದಲ್ಲಿ ಅಡ್ಡಲಾಗಿ ಬರೆಯಿರಿ, ಪುರಾವೆಗಳನ್ನು ಎಡಬದಿಯಲ್ಲಿ ಕೆಳಕ್ಕೆ ಬರೆಯಿರಿ. ಪ್ರತಿ ಪುರಾವೆ ಯಾವ ಊಹೆಗೆ ವಿರುದ್ಧವಾಗಿದೆ ಎಂದು ಗುರುತು ಹಾಕಿ. ಎಲ್ಲ ಊಹೆಗಳಿಗೂ ಹೊಂದುವ ಪುರಾವೆಗೆ ಬೆಲೆಯಿಲ್ಲ. ಮ್ಯಾಡ್ರಿಡ್‌ಗೆ ಇದನ್ನು ಅನ್ವಯಿಸಿ ನೋಡಿ: ಸ್ಪೇನಿನಲ್ಲೇ ತಯಾರಾದ ಸ್ಫೋಟಕ ಎರಡೂ ಊಹೆಗಳಿಗೆ ಹೊಂದುತ್ತದೆ, ಹಾಗಾಗಿ ಅದರಿಂದ ಏನೂ ತಿಳಿಯದು. ಇಟಿಎ ಸಾಮಾನ್ಯವಾಗಿ ಕೊಡುತ್ತಿದ್ದ ಮುನ್ಸೂಚನೆಯ ಕರೆ ಇರಲಿಲ್ಲ. ಅದೇ ದಿನ ಸಿಕ್ಕ ವ್ಯಾನಿನಲ್ಲಿ ಡಿಟೊನೇಟರ್‌ಗಳ ಜೊತೆ ಕುರಾನ್ ಪಠಣದ ಕ್ಯಾಸೆಟ್ ಇತ್ತು. ಇವೆರಡೂ ಇಟಿಎ ಎಂಬ ಊಹೆಯನ್ನು ದುರ್ಬಲಗೊಳಿಸುತ್ತವೆ. ನಿಮ್ಮ ಊಹೆಯನ್ನು ಬೆಂಬಲಿಸುವುದನ್ನು ಹುಡುಕುವುದಕ್ಕಿಂತ ಅದನ್ನು ಕೆಡವುವುದನ್ನು ಹುಡುಕಿ.

ಸಾಧ್ಯತೆಯನ್ನು ಅಂಕಿಯಲ್ಲಿ ಹೇಳಲು ಕಲಿಯಿರಿ. 1951ರಲ್ಲಿ ಅಮೆರಿಕದ ಗುಪ್ತಚರ ಅಂದಾಜೊಂದು ಯುಗೊಸ್ಲಾವಿಯಾದ ಮೇಲೆ ದಾಳಿಯ ‘ಗಂಭೀರ ಸಾಧ್ಯತೆ’ ಇದೆ ಎಂದಿತು. ಅದನ್ನು ಸಿದ್ಧಪಡಿಸಿದ ಶೆರ್ಮನ್ ಕೆಂಟ್ ಮನಸ್ಸಿನಲ್ಲಿ ಇದ್ದದ್ದು ದಾಳಿಯ ಪರವಾಗಿ 65, ವಿರುದ್ಧವಾಗಿ 35. ವಿಚಾರಿಸಿದರೆ, ಆ ಒಕ್ಕಣೆಗೆ ಒಪ್ಪಿದ್ದ ಸಹೋದ್ಯೋಗಿಗಳಲ್ಲೇ ಒಬ್ಬರ ಲೆಕ್ಕ 80–20, ಮತ್ತೊಬ್ಬರದು ತದ್ವಿರುದ್ಧವಾಗಿ 20–80. ಇಂದು ಅಮೆರಿಕದ ಗುಪ್ತಚರ ವರದಿಗಳಲ್ಲಿ ‘ಸಂಭವವಿದೆ’ ಎಂದರೆ ಶೇ 55ರಿಂದ 80, ‘ಬಹಳ ಸಂಭವವಿದೆ’ ಎಂದರೆ ಶೇ 80ರಿಂದ 95 ಎಂದು ನಿಗದಿಯಾಗಿದೆ. ನಿಮ್ಮದೇ ಒಂದು ಅಳತೆ ಮಾಡಿಕೊಂಡು ಬರಹದ ಆರಂಭದಲ್ಲಿ ಹಾಕಿ. ಆರು ತಿಂಗಳ ನಂತರ ನಿಮ್ಮ ಅಂದಾಜುಗಳಲ್ಲಿ ಎಷ್ಟು ನಿಜವಾದವು ಎಂದು ಎಣಿಸಿ.

ಹಂತ 7: ಕಾನೂನು, ಮಾತುಕೊಡುವಿಕೆ, ಮನಸ್ಸು

ಉಗ್ರ ಸಂಘಟನೆಗಳ ಪ್ರಚಾರ ಸಾಮಗ್ರಿಯನ್ನು ಓದುವುದು ಈ ಕೆಲಸದ ಭಾಗ. ಅದರ ಅಪಾಯ ಕಾಲ್ಪನಿಕವಲ್ಲ. 2008ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರನ್ನು ಅಲ್‌ಖೈದಾ ಕೈಪಿಡಿ ಇಳಿಸಿಕೊಂಡ ಕಾರಣಕ್ಕೆ ಬಂಧಿಸಿ ಕೆಲವು ದಿನ ಇರಿಸಿಕೊಂಡಿದ್ದರು. ಕೈಪಿಡಿ ಸಿಕ್ಕಿದ್ದು ಅಮೆರಿಕ ಸರ್ಕಾರದ್ದೇ ಜಾಲತಾಣದಲ್ಲಿ. ಪೊಲೀಸರು ಮುಂದೆ ಪರಿಹಾರ ಕೊಟ್ಟರು. ನಮ್ಮಲ್ಲಿ 2021ರ ಅಕ್ಟೋಬರ್‌ನಲ್ಲಿ ಮಾವೋವಾದಿ ನಂಟಿನ ಆರೋಪ ಹೊತ್ತ ಕೇರಳದ ಇಬ್ಬರು ಯುವಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂಘಟನೆಯ ಚಟುವಟಿಕೆಯನ್ನು ಮುಂದುವರಿಸುವ ಉದ್ದೇಶ ಕಾಣದಿದ್ದರೆ ಸಂಪರ್ಕವಷ್ಟೇ ಯುಎಪಿಎಯ 38, 39ನೇ ಸೆಕ್ಷನ್‌ಗಳಿಗೆ ಸಾಲದು ಎಂದು ಹೇಳಿ ಜಾಮೀನು ವಿಚಾರದಲ್ಲಿ ಅವರ ಪರ ನಿಂತಿತು. ಆದರೂ ಜಾಮೀನು ಸಿಗುವವರೆಗಿನ ತಿಂಗಳುಗಳನ್ನು ಯಾರೂ ಮರಳಿ ಕೊಡುವುದಿಲ್ಲ. ಆದ್ದರಿಂದ ಒಂಟಿಯಾಗಿ ಈ ಕೆಲಸ ಮಾಡಬೇಡಿ. ಸಂಸ್ಥೆಯ ಅಥವಾ ಮಾರ್ಗದರ್ಶಕರ ಲಿಖಿತ ಅನುಮತಿ ಪಡೆಯಿರಿ, ಏನನ್ನು ಏಕೆ ನೋಡಿದಿರಿ ಎಂಬ ದಿನಚರಿ ಇಡಿ, ಮನೆಯ ಕಂಪ್ಯೂಟರ್ ಬಳಸಬೇಡಿ. ಸುಳ್ಳು ಹೆಸರಿನಲ್ಲಿ ಉಗ್ರರ ಗುಂಪಿಗೆ ಸೇರಿ ಮಾತಿಗಿಳಿಯುವ ಸಾಹಸವಂತೂ ಬೇಡವೇ ಬೇಡ. ಸಾಮಗ್ರಿಯನ್ನು ಯಾರಿಗೂ ಕಳುಹಿಸಬೇಡಿ. 2019ರಲ್ಲಿ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನು ಅದನ್ನು ನೇರ ಪ್ರಸಾರ ಮಾಡಿದ್ದ. ನ್ಯೂಜಿಲೆಂಡಿನಲ್ಲಿ ಆ ದೃಶ್ಯ ಇಟ್ಟುಕೊಳ್ಳುವುದೇ ಅಪರಾಧವಾಯಿತು. ಹಂಚುವ ಪ್ರತಿಯೊಬ್ಬರೂ ಕೊಲೆಗಾರ ಬಯಸಿದ್ದನ್ನೇ ಮಾಡುತ್ತಾರೆ.

ಸಂದರ್ಶನ ಮಾಡುವಾಗ ಪಾಲಿಸಲಾಗದ ಮಾತು ಕೊಡಬೇಡಿ. ಬೋಸ್ಟನ್ ಕಾಲೇಜಿನ ಯೋಜನೆಯೊಂದರಲ್ಲಿ ಉತ್ತರ ಐರ್ಲೆಂಡಿನ ಮಾಜಿ ಉಗ್ರರು, ತಾವು ಸಾಯುವವರೆಗೆ ಬಹಿರಂಗವಾಗದು ಎಂಬ ಭರವಸೆಯ ಮೇಲೆ ಮನಬಿಚ್ಚಿ ಮಾತನಾಡಿದ್ದರು. 2011ರಲ್ಲಿ ಬ್ರಿಟನ್ನಿನ ಕೋರಿಕೆಯಂತೆ ಅಮೆರಿಕದಲ್ಲಿ ಸಮನ್ಸ್ ಹೊರಟಿತು, ಕೆಲವು ಧ್ವನಿಮುದ್ರಣಗಳು ಪೊಲೀಸರ ಕೈ ಸೇರಿದವು. ಸಂಶೋಧಕರ ಭರವಸೆ ನ್ಯಾಯಾಲಯದ ಆದೇಶಕ್ಕಿಂತ ದೊಡ್ಡದಲ್ಲ ಎಂದು ಮಾತನಾಡುವವರಿಗೆ ಮೊದಲೇ ತಿಳಿಸಬೇಕು. ಸಂತ್ರಸ್ತರ ಬಳಿ ಹೋಗುವಾಗ ಇನ್ನೂ ಹೆಚ್ಚಿನ ಸಂಯಮ ಬೇಕು. ನಿಮ್ಮ ಅಧ್ಯಾಯಕ್ಕಾಗಿ ಅವರ ಗಾಯ ಮತ್ತೆ ತೆರೆಯುವ ಹಕ್ಕು ನಿಮಗಿಲ್ಲ.

ಹಿಂಸೆಯ ದೃಶ್ಯಗಳನ್ನು ನೋಡುತ್ತ ಹೋದರೆ ನಿದ್ದೆ, ಸಿಟ್ಟು, ಸಂಬಂಧ ಎಲ್ಲದರ ಮೇಲೂ ಪರಿಣಾಮವಾಗುತ್ತದೆ. ಧ್ವನಿ ನಿಲ್ಲಿಸಿ, ಕಪ್ಪುಬಿಳುಪಿನಲ್ಲಿ, ಚಿಕ್ಕ ಕಿಟಕಿಯಲ್ಲಿ ನೋಡಿ. ಅಗತ್ಯವಿದ್ದಷ್ಟೇ ನೋಡಿ. ರಾತ್ರಿ ಮಲಗುವ ಮುನ್ನ ನೋಡಬೇಡಿ. ಅಭ್ಯಾಸವಾಗಿಹೋಯಿತು, ಏನೂ ಅನ್ನಿಸುವುದಿಲ್ಲ ಎನ್ನುವ ಹಂತ ತಲುಪಿದರೆ ಅದನ್ನು ಗಟ್ಟಿತನ ಎಂದುಕೊಳ್ಳದೆ ಮನೋವೈದ್ಯರ ಬಳಿ ಹೋಗಿ.

ಹಂತ 8: ಕೆಲಸ ಎಲ್ಲಿ ಸಿಗುತ್ತದೆ

ಸರ್ಕಾರದ ಒಳಗೆ ಹೋಗುವುದಾದರೆ ಗುಪ್ತಚರ ದಳದ ಸಹಾಯಕ ಕೇಂದ್ರ ಗುಪ್ತಚರ ಅಧಿಕಾರಿ ಹುದ್ದೆಗೆ ಯಾವುದೇ ಪದವೀಧರರು ಅರ್ಜಿ ಹಾಕಬಹುದು. ವಯೋಮಿತಿ ಸಾಮಾನ್ಯವಾಗಿ 18ರಿಂದ 27. ಎನ್‌ಐಎ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಸಿಬ್ಬಂದಿ ನೇಮಕಾತಿ ಆಯೋಗದ ಪದವಿ ಮಟ್ಟದ ಪರೀಕ್ಷೆಯ ದಾರಿಯಿದೆ. ಒಳಗೆ ಹೋದವರು ಹೊರಗೆ ಬರೆಯುವಂತಿಲ್ಲ. ಯಾವುದು ಮುಖ್ಯ ಎಂದು ಮೊದಲೇ ನಿರ್ಧರಿಸಿ.

ಹೊರಗಿನ ಸಂಸ್ಥೆಗಳಲ್ಲಿ ದೆಹಲಿಯ ಮನೋಹರ ಪರಿಕ್ಕರ್ ರಕ್ಷಣಾ ಅಧ್ಯಯನ ಸಂಸ್ಥೆ, ಅಬ್ಸರ್ವರ್ ರಿಸರ್ಚ್ ಫೌಂಡೇಷನ್, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಮತ್ತು ತಕ್ಷಶಿಲಾ ಮುಖ್ಯವಾದವು. ಹುದ್ದೆಗಳು ಕಡಿಮೆ, ಬಹಳಷ್ಟು ಗುತ್ತಿಗೆಯವು. ಬೆಂಗಳೂರಿನವರು ಇನ್ನೊಂದು ಕಡೆಗೂ ಕಣ್ಣಿಡಬೇಕು. ಬಹುರಾಷ್ಟ್ರೀಯ ಕಂಪನಿಗಳ ಭದ್ರತಾ ನಿಗಾ ಕೇಂದ್ರಗಳು, ಬ್ಯಾಂಕುಗಳ ಅಕ್ರಮ ಹಣ ತಡೆ ವಿಭಾಗಗಳು, ಸಾಮಾಜಿಕ ಜಾಲತಾಣ ಕಂಪನಿಗಳ ಉಗ್ರವಾದ ತಡೆ ತಂಡಗಳು ಇದೇ ಬಗೆಯ ಓದುವ, ಅಳೆಯುವ, ಬರೆಯುವ ಕೌಶಲವನ್ನು ಕೇಳುತ್ತವೆ, ಸಂಬಳವನ್ನೂ ಕಾಲಕ್ಕೆ ಸರಿಯಾಗಿ ಕೊಡುತ್ತವೆ. ಅಲ್ಲಿ ಎರಡು ಮೂರು ವರ್ಷ ದುಡಿದು ಪಿಎಚ್‌.ಡಿ.ಗೆ ಹೋಗುವುದು ಅವಮಾನವೇನಲ್ಲ.

ಅರ್ಜಿಯ ಜೊತೆ ಪ್ರಮಾಣಪತ್ರಗಳ ಕಟ್ಟಿಗಿಂತ ಎರಡು ಪುಟಗಳ ಒಂದು ವಿಶ್ಲೇಷಣೆ ಇಡಿ. ಮೊದಲ ವಾಕ್ಯದಲ್ಲೇ ತೀರ್ಮಾನ, ಅದರ ಸಾಧ್ಯತೆಯ ಅಂಕಿ, ಆಧಾರವಾದ ಮೂರೋ ನಾಲ್ಕೋ ಮೂಲಗಳು, ಆ ಮೂಲಗಳ ದೌರ್ಬಲ್ಯ, ಯಾವ ಹೊಸ ಮಾಹಿತಿ ಬಂದರೆ ನಿಮ್ಮ ತೀರ್ಮಾನ ಬದಲಾಗುತ್ತದೆ ಎಂಬ ವಿವರ, ಇಷ್ಟು ಇರಲಿ. ನೀವೇ ಕಟ್ಟಿದ ಕೋಷ್ಟಕವನ್ನು ಅದಕ್ಕೆ ಲಗತ್ತಿಸಿ. ಸಂದರ್ಶನದಲ್ಲಿ ಅದರ ಯಾವುದಾದರೂ ಒಂದು ಸಾಲನ್ನು ತೋರಿಸಿ ‘ಇದು ನಿಮಗೆ ಹೇಗೆ ಗೊತ್ತು?’ ಎಂದು ಕೇಳಬಹುದು. ಆ ಸಾಲಿನ ಮೂಲ ದಾಖಲೆ ನಿಮ್ಮ ಚೀಲದಲ್ಲಿರಬೇಕು.